ಶುಲ್ಕ ಕಟ್ಟಿ ವೇದಿಕೆ ಹತ್ತಿದ್ದು: ಅಭಿಮಾನಿ ಸಮ್ಮೇಳನವೊಂದರಲ್ಲಿ ಲೇಖಕರಾಗಿ ಭಾಗವಹಿಸಿದ ಅನುಭವ

ವಿಜ್ಞಾನ ಕಥೆ ಮತ್ತು ಫ್ಯಾಂಟಸಿ ಬರೆಯುವವರು ಅಭಿಮಾನಿಗಳ ಸಮ್ಮೇಳನಕ್ಕೆ ಹೇಗೆ ಹೋಗುತ್ತಾರೆ, ಯಾರು ಕರೆಯುತ್ತಾರೆ, ಖರ್ಚು ಯಾರದು ಎಂದು ಈಗ ಹಲವರು ನನ್ನನ್ನು ಕೇಳುತ್ತಿದ್ದಾರೆ. ಹೊರಡುವ ಮುನ್ನ ಇದೇ ಪ್ರಶ್ನೆಗಳನ್ನು ನಾನೂ ಕಂಡಕಂಡವರಲ್ಲಿ ಕೇಳಿದ್ದೆ. ಸಿಕ್ಕ ಉತ್ತರಗಳಲ್ಲಿ ಅರ್ಧದಷ್ಟು ಹಳೆಯ ಕಾಲದವು, ಉಳಿದವು ಬೇರೆಯೇ ಬಗೆಯ ಮೇಳಗಳಿಗೆ ಸೇರಿದವು. ಸಮ್ಮೇಳನ ಮುಗಿಸಿ ಮರಳಿದ್ದೇನೆ, ಕಟ್ಟಿದ ಗಂಟಲು ಇನ್ನೂ ಪೂರ್ತಿ ಬಿಟ್ಟಿಲ್ಲ. ನಡೆದದ್ದು ಮರೆಯುವ ಮೊದಲು, ಮುಂದೆ ಹೋಗುವವರಿಗೆ ಉಪಯೋಗವಾದೀತೆಂದು, ಎಲ್ಲವನ್ನೂ ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು ಸಮ್ಮೇಳನ ಯಾವ ಬಗೆಯದು ಎಂಬುದು. ವ್ಯಾಪಾರಕ್ಕೆಂದು ನಡೆಸುವ ಮೇಳಗಳಲ್ಲಿ ಪ್ರೇಕ್ಷಕರು ಟಿಕೆಟ್ ಕೊಂಡು ಬರುತ್ತಾರೆ, ತಾರೆಯರು ಸಂಭಾವನೆ ಪಡೆದು ಬರುತ್ತಾರೆ, ಹಸ್ತಾಕ್ಷರಕ್ಕೂ ಜೊತೆಯಲ್ಲಿ ನಿಂತು ತೆಗೆಸಿಕೊಳ್ಳುವ ಫೋಟೋಗೂ ಬೇರೆಬೇರೆ ದರವಿರುತ್ತದೆ. ಅಭಿಮಾನಿಗಳೇ ಕಟ್ಟಿ ನಡೆಸುವ ಸಮ್ಮೇಳನದ ಲೆಕ್ಕವೇ ಬೇರೆ. ಅಲ್ಲಿ ಟಿಕೆಟ್ ಬದಲು ಸದಸ್ಯತ್ವ ಇರುತ್ತದೆ. ಅಧ್ಯಕ್ಷರಿಂದ ಹಿಡಿದು ಬಾಗಿಲಲ್ಲಿ ಬ್ಯಾಡ್ಜ್ ನೋಡುವವರವರೆಗೆ ಬಹುತೇಕ ಎಲ್ಲರೂ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಗೌರವ ಅತಿಥಿಗಳೆಂದು ಮುಂಚಿತವಾಗಿ ಘೋಷಿತರಾದ ಕೆಲವರ ಪ್ರಯಾಣ, ವಸತಿಯನ್ನು ಮಾತ್ರ ಸಮ್ಮೇಳನ ನೋಡಿಕೊಳ್ಳುತ್ತದೆ. ಉಳಿದ ಲೇಖಕರು, ಸಂಪಾದಕರು, ಚಿತ್ರಕಾರರು, ವಿಜ್ಞಾನಿಗಳು ಸಾಮಾನ್ಯವಾಗಿ ತಾವೇ ಸದಸ್ಯತ್ವದ ಶುಲ್ಕ ಕಟ್ಟಿ, ತಮ್ಮ ಖರ್ಚಿನಲ್ಲೇ ಬಂದು, ವೇದಿಕೆಯ ಮೇಲೆ ಕುಳಿತು ಮಾತನಾಡಿ ಹೋಗುತ್ತಾರೆ. ನಾನು ಹೋದದ್ದು ಈ ಎರಡನೆಯ ಬಗೆಯ ಸಮ್ಮೇಳನಕ್ಕೆ, ಅದೂ ಆ ‘ಉಳಿದವರಲ್ಲಿ’ ಒಬ್ಬನಾಗಿ.

ಮಾತನಾಡಲು ಬರುವವರಿಂದಲೇ ಹಣ ಕೇಳುವ ಈ ಪದ್ಧತಿ ನನಗೆ ಮೊದಲು ಸ್ವಲ್ಪ ಚುಚ್ಚಿತ್ತು. ಅದರ ಹಿನ್ನೆಲೆ ಓದಿದ ಮೇಲೆ ಅಸಮಾಧಾನ ತಗ್ಗಿತು. 1926ರಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಆರಂಭಿಸಿದ ವಿಜ್ಞಾನ ಕಥೆಗಳ ಮಾಸಪತ್ರಿಕೆ ಓದುಗರ ಪತ್ರಗಳನ್ನು ಅವರ ವಿಳಾಸ ಸಮೇತ ಅಚ್ಚು ಹಾಕುತ್ತಿತ್ತು. ಆ ವಿಳಾಸಗಳನ್ನು ಹಿಡಿದು ಓದುಗರು ಪರಸ್ಪರ ಕಾಗದ ಬರೆದರು, ಸಂಘ ಕಟ್ಟಿಕೊಂಡರು, ಕೈಯಿಂದ ಯಂತ್ರ ತಿರುಗಿಸಿ ತಮ್ಮದೇ ಕಿರುಪತ್ರಿಕೆಗಳನ್ನು ಹೊರತಂದರು. 1939ರ ಜುಲೈಯಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನ ಸೇರಿದಾಗ ಬಂದವರು ಸುಮಾರು 200 ಮಂದಿ. ಗೌರವ ಅತಿಥಿಯಾಗಿದ್ದವರು ಚಿತ್ರಕಾರ ಫ್ರಾಂಕ್ ಆರ್. ಪಾಲ್. ಆಗಿನ್ನೂ ಹದಿಹರೆಯದಲ್ಲಿದ್ದ ರೇ ಬ್ರಾಡ್ಬರಿ ಗೆಳೆಯ ಫಾರೆಸ್ಟ್ ಆಕರ್ಮನ್ ಅವರಿಂದ ಸಾಲ ಪಡೆದು ಅಷ್ಟು ದೂರ ಬಂದಿದ್ದರು. ಮುಂದೆ ಹೆಸರಾಂತ ಲೇಖಕರಾದವರು ಅಂದು ಕುಳಿತದ್ದು ಓದುಗರ ಸಾಲಿನಲ್ಲೇ. ಯುದ್ಧದಿಂದಾಗಿ 1942ರಿಂದ 1945ರವರೆಗೆ ನಿಂತದ್ದನ್ನು ಬಿಟ್ಟರೆ ಆ ಸಮ್ಮೇಳನ ಪ್ರತಿವರ್ಷ ನಡೆದುಕೊಂಡು ಬಂದಿದೆ. ಬರೆಯುವವರು ಮತ್ತು ಓದುವವರು ಒಂದೇ ಚಂದಾ ಕಟ್ಟಿ ಒಂದೇ ಸಂಘದಲ್ಲಿ ಸೇರುವ ಆ ರೂಢಿಯೇ ಸಣ್ಣಪುಟ್ಟ ಸಮ್ಮೇಳನಗಳಿಗೂ ಇಳಿದುಬಂದಿದೆ. ಇದನ್ನು ಅರಿತು ಹೋದರೆ ಅಲ್ಲಿನ ಮುಕ್ಕಾಲು ಪಾಲು ಗೊಂದಲ ತಾನಾಗಿ ಬಗೆಹರಿಯುತ್ತದೆ.

ಇನ್ನು ಅರ್ಜಿಯ ವಿಷಯ. ಸಮ್ಮೇಳನಕ್ಕೆ ಹಲವು ತಿಂಗಳ ಮೊದಲೇ ಕಾರ್ಯಕ್ರಮ ಸಮಿತಿಯವರು, ಭಾಗವಹಿಸಲು ಆಸಕ್ತಿಯುಳ್ಳವರಿಗೆಂದು ಒಂದು ಪ್ರಶ್ನಾವಳಿ ತೆರೆಯುತ್ತಾರೆ. ಕಿರುಪರಿಚಯ, ಪ್ರಕಟಿತ ಕೃತಿಗಳು, ಯಾವ ವಿಷಯಗಳ ಬಗ್ಗೆ ಮಾತನಾಡಬಲ್ಲಿರಿ, ಗೋಷ್ಠಿಯನ್ನು ನಿರ್ವಹಿಸಲು ಒಪ್ಪುವಿರಾ, ದಿನಕ್ಕೆ ಗರಿಷ್ಠ ಎಷ್ಟು ಕಾರ್ಯಕ್ರಮ ಸಾಕು, ಬೆಳಿಗ್ಗೆ ಬೇಗ ಆದೀತೇ, ಧ್ವನಿಮುದ್ರಣಕ್ಕೆ ಒಪ್ಪಿಗೆಯಿದೆಯೇ, ಮೆಟ್ಟಿಲು ಹತ್ತಲು ಅಡ್ಡಿಯಿದೆಯೇ ಎಂಬ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಯಾರೊಂದಿಗೆ ವೇದಿಕೆ ಹಂಚಿಕೊಳ್ಳಲು ನಿಮಗೆ ಇಷ್ಟವಿಲ್ಲ ಎಂದು ಗುಟ್ಟಾಗಿ ಕೇಳುವ ಅಂಕಣವೂ ನನ್ನ ಪ್ರಶ್ನಾವಳಿಯಲ್ಲಿತ್ತು. ಅದನ್ನು ಕಂಡು ನಕ್ಕಿದ್ದೆ. ವೇದಿಕೆಯ ಮೇಲೆ ಹಳೆಯ ಜಗಳ ಮುಂದುವರಿಸಿದ ಇಬ್ಬರನ್ನು ಕಂಡ ಮೇಲೆ ಆ ಅಂಕಣದ ಮೇಲೆ ಗೌರವ ಮೂಡಿತು.

ವಿಷಯಗಳನ್ನು ಬರೆಯುವಾಗ ನನ್ನ ಕಾದಂಬರಿಯ ಬಗ್ಗೆ ಮಾತನಾಡಬಲ್ಲೆ ಎಂದು ಬರೆದರೆ ಪ್ರಯೋಜನ ಕಡಿಮೆ. ಗೋಷ್ಠಿಗಳು ಲೇಖಕರ ಸುತ್ತ ಹುಟ್ಟುವುದಿಲ್ಲ, ವಿಷಯಗಳ ಸುತ್ತ ಹುಟ್ಟುತ್ತವೆ. ಕಲ್ಪಿತ ಲೋಕದಲ್ಲಿ ಕಾಲಗಣನೆ ಕಟ್ಟುವುದು, ಬೆಳಕಿನ ವೇಗವನ್ನು ಮೀರದೆ ನಕ್ಷತ್ರಯಾನದ ಕಥೆ ಬರೆಯುವುದು, ದೆವ್ವದ ಕಥೆಗೂ ಭಯದ ಕಥೆಗೂ ಇರುವ ಅಂತರ ಎಂದು ನಾನು ಬರೆದದ್ದರಿಂದಲೇ ನನಗೆ ಜಾಗ ಸಿಕ್ಕಿತೆಂದು ಆಮೇಲೆ ಸಮಿತಿಯವರೊಬ್ಬರು ಹೇಳಿದರು. ವೃತ್ತಿಯಿಂದ ಬಂದ ಜ್ಞಾನವಿದ್ದರೆ ಅದನ್ನು ತಪ್ಪದೆ ನಮೂದಿಸಬೇಕು. ಅನುಭವಿ ದಾದಿಯೊಬ್ಬರು, ಸೇತುವೆ ಕಟ್ಟುವ ಎಂಜಿನಿಯರೊಬ್ಬರು ಕಥೆ ಬರೆಯುತ್ತಾರೆಂದರೆ ಅಂಥವರಿಗೆ ಅಲ್ಲಿ ಬೇಡಿಕೆ ಹೆಚ್ಚು.

ಪ್ರಶ್ನಾವಳಿ ಕಳುಹಿಸಿದ ಮೇಲೆ ಆರಂಭವಾದದ್ದು ಮೌನ. ತಲುಪಿದೆ ಎಂಬ ಯಾಂತ್ರಿಕ ಉತ್ತರವೊಂದನ್ನು ಬಿಟ್ಟರೆ ವಾರಗಟ್ಟಲೆ, ತಿಂಗಳುಗಟ್ಟಲೆ ಸುದ್ದಿಯಿಲ್ಲ. ನನ್ನ ಬರಹ ಅವರ ಮಟ್ಟಕ್ಕೆ ಬರಲಿಲ್ಲವೇನೋ ಎಂಬ ಕೀಳರಿಮೆಯೂ, ಇಷ್ಟೆಲ್ಲ ಮಾಹಿತಿ ಕೇಳಿ ಒಂದು ಸಾಲು ಬರೆಯಲಾಗದೇ ಎಂಬ ಸಿಟ್ಟೂ ಸರದಿಯಲ್ಲಿ ಬಂದು ಹೋದವು. ಆ ಕಡೆ ಕುಳಿತವರು ಹಗಲು ಬೇರೆ ನೌಕರಿ ಮಾಡಿ, ರಾತ್ರಿ ಊಟವಾದ ಮೇಲೆ ನೂರಾರು ಅರ್ಜಿಗಳನ್ನು ಜೋಡಿಸುವವರು ಎಂಬುದು ಆಗ ನನ್ನ ಕಣ್ಣ ಮುಂದೆ ಇರಲಿಲ್ಲ. ಒಮ್ಮೆ ವಿನಯದಿಂದ ನೆನಪಿಸಿ ಬರೆಯುವುದರಲ್ಲಿ ತಪ್ಪೇನೂ ಇಲ್ಲ. ನಾನು ಬರೆದೆ, ಉತ್ತರವೂ ಬಂತು. ಆದರೆ ಈ ಅವಧಿಯಲ್ಲಿ ಒಂದು ಇಕ್ಕಟ್ಟು ಎದುರಾಗುತ್ತದೆ. ಕಾರ್ಯಕ್ರಮದಲ್ಲಿ ಜಾಗವಿದೆಯೋ ಇಲ್ಲವೋ ಗೊತ್ತಾಗುವ ಮೊದಲೇ ಸದಸ್ಯತ್ವದ ದರ ಏರುತ್ತದೆ, ಹೋಟೆಲಿನಲ್ಲಿ ಸಮ್ಮೇಳನಕ್ಕೆಂದು ರಿಯಾಯಿತಿ ದರದಲ್ಲಿ ಕಾದಿರಿಸಿದ ಕೋಣೆಗಳು ಮುಗಿಯುತ್ತವೆ. ವೇದಿಕೆ ಸಿಗದಿದ್ದರೂ ಓದುಗನಾಗಿ ಹೋಗಿ ಬರಲು ಮನಸ್ಸಿದೆಯೇ ಎಂದು ಮೊದಲೇ ಕೇಳಿಕೊಂಡು, ಇದೆ ಎಂದಾದರೆ ಮಾತ್ರ ದರ ಏರುವ ಮುನ್ನ ಸದಸ್ಯತ್ವ ಪಡೆಯುವುದು ಒಳ್ಳೆಯದು. ಕೋಣೆಯ ವಿಷಯದಲ್ಲಿ, ರದ್ದು ಮಾಡಿದರೆ ಹಣ ಮರಳುವ ನಿಯಮವಿದೆಯೇ ಎಂದು ನೋಡಿ ಕಾದಿರಿಸಬೇಕು.

ಬೇರೆ ದೇಶದ ಸಮ್ಮೇಳನವಾದ್ದರಿಂದ ವೀಸಾದ ಹೊರೆಯೂ ಸೇರಿತು. ಸಮ್ಮೇಳನದವರು ಕೋರಿಕೆಯ ಮೇರೆಗೆ ಆಹ್ವಾನ ಪತ್ರ ಕೊಡುತ್ತಾರೆ, ಆದರೆ ಆ ಪತ್ರದಲ್ಲಿರುವುದು ಇವರು ನೋಂದಾಯಿತ ಸದಸ್ಯರು, ಇಂತಹ ದಿನಾಂಕಗಳಂದು ಇಂತಹ ಸಭಾಂಗಣದಲ್ಲಿ ಮಾತನಾಡಲಿದ್ದಾರೆ ಎಂಬಷ್ಟೇ. ಖರ್ಚು ನಾವು ಭರಿಸುತ್ತೇವೆ ಎಂಬ ಸಾಲನ್ನು ಅವರು ಬರೆಯಲಾರರು, ಏಕೆಂದರೆ ಭರಿಸುವುದಿಲ್ಲ. ಹಾಗಾಗಿ ಬ್ಯಾಂಕಿನ ವಿವರ, ನೌಕರಿಯ ಪ್ರಮಾಣಪತ್ರ, ರಜೆಯ ಮಂಜೂರಾತಿ, ಮರಳಿ ಬರುವ ಕಾರಣಗಳು ಎಲ್ಲವನ್ನೂ ನಾವೇ ಹೊಂದಿಸಬೇಕು. ಮುಖ್ಯವಾಗಿ, ಭಾಷಣಕ್ಕೆ ಸಂಭಾವನೆ ಇದೆಯೇ ಎಂಬ ಪ್ರಶ್ನೆಗೆ ಕಾಗದಪತ್ರಗಳಲ್ಲೂ ಬಾಯಲ್ಲೂ ಒಂದೇ ಉತ್ತರವಿರಬೇಕು. ಸಂದರ್ಶಕರ ವೀಸಾದಲ್ಲಿ ಹಣ ಪಡೆದು ಮಾತನಾಡಬಹುದೇ, ಪುಸ್ತಕ ಮಾರಬಹುದೇ ಎಂಬ ನಿಯಮ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಗೆಳೆಯರ ಮಾತು ನಂಬದೆ ಆಯಾ ದೇಶದ ಅಧಿಕೃತ ಸೂಚನೆಯನ್ನೇ ಓದಬೇಕು. ವೀಸಾ ಸಿಗದವರಿಗೆ ಈಗ ಇನ್ನೊಂದು ದಾರಿ ಇದೆ. 2020ರಲ್ಲಿ ನ್ಯೂಜಿಲೆಂಡ್‌ನಲ್ಲಿ ನಡೆಯಬೇಕಿದ್ದ ವಿಶ್ವ ಸಮ್ಮೇಳನ ಕೋವಿಡ್‌ನಿಂದಾಗಿ ಪೂರ್ತಿ ಆನ್‌ಲೈನಿಗೆ ಬಂದ ನಂತರ, ಮನೆಯಿಂದಲೇ ಗೋಷ್ಠಿಯಲ್ಲಿ ಕೂರುವ ಅವಕಾಶವನ್ನು ಹಲವು ಸಮ್ಮೇಳನಗಳು ಉಳಿಸಿಕೊಂಡಿವೆ. ಪ್ರಶ್ನಾವಳಿಯಲ್ಲಿ ಎರಡನ್ನೂ ಗುರುತು ಮಾಡಿಟ್ಟರೆ ಕೊನೆಯ ಗಳಿಗೆಯಲ್ಲಿ ಕೈ ಹಿಸುಕಿಕೊಳ್ಳುವುದು ತಪ್ಪುತ್ತದೆ.

ಕಾವ್ಯನಾಮದಲ್ಲಿ ಬರೆಯುವವರಿಗೆ ವಿಶೇಷ ಎಚ್ಚರಿಕೆಯೊಂದಿದೆ. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಒಂದು, ಪುಸ್ತಕದ ಮೇಲೆ ಇರುವುದು ಇನ್ನೊಂದು. ಪ್ರಶ್ನಾವಳಿಯಲ್ಲಿ ಹೆಸರಿಗೆ ಒಂದೇ ಅಂಕಣವಿತ್ತು. ಕಾರ್ಯಕ್ರಮಕ್ಕೆ ಬೇಕಾದದ್ದು ಕಾವ್ಯನಾಮವಾದ್ದರಿಂದ ಅದನ್ನು ಬರೆದೆ. ಸದಸ್ಯತ್ವದ ಹಣ ಹೋದದ್ದು ಬ್ಯಾಂಕಿನ ಹೆಸರಿನಿಂದ. ಪರಿಣಾಮವಾಗಿ ಆಹ್ವಾನ ಪತ್ರ ಬಂದದ್ದು ಪಾಸ್‌ಪೋರ್ಟಿನಲ್ಲಿ ಇಲ್ಲದ ವ್ಯಕ್ತಿಯ ಹೆಸರಿಗೆ. ತಿದ್ದಿಸಲು ನೋಂದಣಿ ವಿಭಾಗಕ್ಕೆ ಬರೆದರೆ ಅವರು ಕಾರ್ಯಕ್ರಮ ವಿಭಾಗದತ್ತ ಕೈ ತೋರಿಸಿದರು, ಕಾರ್ಯಕ್ರಮ ವಿಭಾಗದವರು ಮರಳಿ ನೋಂದಣಿಯತ್ತ ತೋರಿಸಿದರು. ಕೊನೆಗೆ ಎರಡೂ ವಿಭಾಗಗಳನ್ನು ಒಂದೇ ಪತ್ರದಲ್ಲಿ ಸೇರಿಸಿ, ಕಾನೂನಿನ ಹೆಸರು ಇದು, ಬ್ಯಾಡ್ಜಿನ ಮೇಲೆ ಬರಬೇಕಾದದ್ದು ಇದು, ಇಬ್ಬರೂ ಒಬ್ಬರೇ ಎಂದು ಬರೆದ ಮೇಲೆ ಕೆಲಸವಾಯಿತು. ಎರಡೂ ಹೆಸರುಗಳನ್ನು ಒಟ್ಟಿಗೆ ನಮೂದಿಸಿದ ಪ್ರಕಾಶಕರ ಪತ್ರವೊಂದನ್ನು ಮೊದಲೇ ಮಾಡಿಸಿ ಇಟ್ಟುಕೊಂಡರೆ ಎಷ್ಟೋ ಕಡೆ ಅನುಕೂಲ.

ಕರಡು ವೇಳಾಪಟ್ಟಿ ಬಂದದ್ದು ಕಾದು ಕಾದು ಆಸೆ ಬಿಟ್ಟಾಗ. ಚರ್ಚಾಗೋಷ್ಠಿಗಳು, ಒಂದು ಕಥಾವಾಚನ, ಒಂದು ಹಸ್ತಾಕ್ಷರದ ಅವಧಿ, ಓದುಗರೊಂದಿಗೆ ಮೇಜಿನ ಸುತ್ತ ಕುಳಿತು ಹರಟುವ ಒಂದು ಸಣ್ಣ ಕೂಟ. ಜೊತೆಗೆ ನಾನು ಎಂದೂ ಒಂದು ಸಾಲು ಬರೆಯದ, ಹೆಚ್ಚು ಓದಿಯೂ ಇಲ್ಲದ ವಿಷಯವೊಂದರ ಗೋಷ್ಠಿಯೂ ಇತ್ತು. ಕರಡು ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಬದಲಾವಣೆ ಕೇಳುವುದಕ್ಕೆಂದೇ ಅದನ್ನು ಕಳುಹಿಸಿರುತ್ತಾರೆ. ತಿಳಿಯದ ವಿಷಯದ ಗೋಷ್ಠಿಯನ್ನು ಕಾರಣ ಕೊಟ್ಟು ಬಿಟ್ಟೆ, ಯಾರೂ ಬೇಸರಿಸಲಿಲ್ಲ. ವಾಚನ ಮತ್ತು ಗೋಷ್ಠಿ ಕಟ್ಟಡದ ಎರಡು ತುದಿಗಳಲ್ಲಿ ಬೆನ್ನುಬೆನ್ನಿಗೆ ಬಿದ್ದಿದ್ದವು, ಅದನ್ನೂ ಸರಿಪಡಿಸಿದರು. ಇದಾದ ಮೇಲೆ ಗೋಷ್ಠಿಯ ನಿರ್ವಾಹಕರಿಂದ ಪತ್ರ ಬರುತ್ತದೆ, ಅಥವಾ ಬರುವುದಿಲ್ಲ. ಒಳ್ಳೆಯ ನಿರ್ವಾಹಕರು ತಾವು ಕೇಳಲಿರುವ ಮೂರು ನಾಲ್ಕು ಪ್ರಶ್ನೆಗಳನ್ನು ಮೊದಲೇ ಹಂಚಿಕೊಂಡು, ಯಾರು ಯಾವುದರಿಂದ ದೂರವಿರಲು ಬಯಸುತ್ತೀರಿ ಎಂದೂ ಕೇಳುತ್ತಾರೆ.

ಪುಸ್ತಕಗಳನ್ನು ಒಯ್ಯುವ ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು. ಮಾರಾಟ ನಡೆಯುವುದು ಡೀಲರ್ಸ್ ರೂಮ್ ಎಂದು ಕರೆಯುವ ಸಭಾಂಗಣದಲ್ಲಿ. ಅಲ್ಲಿ ಮೇಜು ಬಾಡಿಗೆ ಹಿಡಿದ ಪುಸ್ತಕ ವ್ಯಾಪಾರಿಗಳಿರುತ್ತಾರೆ. ಗೋಷ್ಠಿಯ ವೇದಿಕೆಯಿಂದ, ಪಡಸಾಲೆಯಿಂದ ಪುಸ್ತಕ ಮಾರುವುದಕ್ಕೆ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. ಮುಂಚಿತವಾಗಿ ಬರೆದು ಕೇಳಿದರೆ ವ್ಯಾಪಾರಿಯೊಬ್ಬರು ನಮ್ಮ ಕೆಲವು ಪ್ರತಿಗಳನ್ನು ತಮ್ಮ ಮೇಜಿನ ಮೇಲಿಟ್ಟು, ಮಾರಾಟವಾದದ್ದರಲ್ಲಿ ತಮ್ಮ ಪಾಲು ಮುರಿದುಕೊಂಡು, ಉಳಿದದ್ದನ್ನು ಕೊನೆಯ ದಿನ ಮರಳಿ ಕೊಡಲು ಒಪ್ಪುತ್ತಾರೆ. ಆದರೆ ಮಾರಾಟಕ್ಕೆಂದು ಗಡಿ ದಾಟಿಸುವ ಪುಸ್ತಕ ಸುಂಕದವರ ಕಣ್ಣಿಗೆ ಸರಕೇ ಆಗುತ್ತದೆ, ವೀಸಾದ ಷರತ್ತಿಗೂ ತೊಡಕಾಗಬಹುದು. ಪ್ರಕಾಶಕರ ಮೂಲಕ ಅಲ್ಲಿನ ವ್ಯಾಪಾರಿಗೆ ನೇರವಾಗಿ ತರಿಸುವುದೇ ಸುರಕ್ಷಿತ. ನಾನು ಹಾಗೆಯೇ ಮಾಡಿದೆ. ಕಿಸೆಯಲ್ಲಿ ಒಯ್ದದ್ದು ಪುಸ್ತಕದ ಮುಖಪುಟವೂ ಸಿಗುವ ವಿಳಾಸವೂ ಇದ್ದ ಬುಕ್‌ಮಾರ್ಕ್‌ಗಳ ಕಟ್ಟು. ತೂಕವಿಲ್ಲ, ಸುಂಕವಿಲ್ಲ, ಹರಟೆಯ ನಡುವೆ ಕೈಗೆ ಕೊಡಲು ಸಂಕೋಚವೂ ಇಲ್ಲ.

ಮೊದಲ ದಿನ ಬೆಳಿಗ್ಗೆ ನೋಂದಣಿಯ ಸಾಲು ಪಡಸಾಲೆ ದಾಟಿ ಹೊರಗಿನ ಮೆಟ್ಟಿಲವರೆಗೆ ಬೆಳೆದಿತ್ತು. ಕಾರ್ಯಕ್ರಮದಲ್ಲಿ ಇರುವವರಿಗೆ ಬೇರೆ ಮೇಜು ಇದೆಯೆಂದು ಸಾಲಿನಲ್ಲಿ ಮುಂದಿದ್ದ, ಬೆಳ್ಳಿ ಬಣ್ಣದ ಅಂತರಿಕ್ಷ ಉಡುಪು ತೊಟ್ಟ ಹಿರಿಯರೊಬ್ಬರು ಹೇಳದಿದ್ದರೆ ನಾನು ಅಲ್ಲೇ ನಿಂತಿರುತ್ತಿದ್ದೆ. ಆ ಮೇಜಿನಲ್ಲಿ ನನ್ನ ಲಕೋಟೆ ಸಿಗಲಿಲ್ಲ. ಗುರುತಿನ ಚೀಟಿ ನೋಡಿ ಒಂದು ಅಕ್ಷರದ ಪೆಟ್ಟಿಗೆ ಹುಡುಕಿದರು, ಕಾವ್ಯನಾಮ ಹೇಳಿದ ಮೇಲೆ ಇನ್ನೊಂದು ಅಕ್ಷರದ ಪೆಟ್ಟಿಗೆ ಹುಡುಕಿದರು. ಲಕೋಟೆ ಇದ್ದದ್ದು ನನ್ನ ತಂದೆಯ ಹೆಸರಿನ ಮೊದಲ ಅಕ್ಷರದ ಕೆಳಗೆ. ಕೊನೆಯ ಹೆಸರು ಯಾವುದು ಎಂಬ ಪ್ರಶ್ನೆಗೆ ಗಣಕಯಂತ್ರ ತಾನೇ ಒಂದು ಉತ್ತರ ಕಂಡುಕೊಂಡಿತ್ತು. ಹುಡುಕಿ ಕೊಟ್ಟ ಸ್ವಯಂಸೇವಕಿ, ಬೆವರೊರೆಸಿಕೊಳ್ಳುತ್ತ, “ಇವತ್ತು ನನ್ನ ಹನ್ನೆರಡನೇ ಹೆಸರಿನ ಪತ್ತೇದಾರಿಕೆ ಇದು” ಎಂದರು. ಲಕೋಟೆಯಲ್ಲಿ ಬ್ಯಾಡ್ಜ್, ಅದರ ಕೆಳಗೆ ಅಂಟಿಸುವ ‘ಕಾರ್ಯಕ್ರಮ’ ಎಂಬ ರಿಬ್ಬನ್, ನನ್ನ ಸ್ವಂತ ವೇಳಾಪಟ್ಟಿಯ ಚೀಟಿ, ಮತ್ತು ಗೋಷ್ಠಿಯಲ್ಲಿ ಮುಂದೆ ನಿಲ್ಲಿಸಿಕೊಳ್ಳಲು ಮಡಚಿದ ರಟ್ಟಿನ ಹೆಸರಿನ ಫಲಕ ಇದ್ದವು. ಈ ಫಲಕವನ್ನು ಪ್ರತಿ ಗೋಷ್ಠಿಗೂ ನಾವೇ ಹೊತ್ತೊಯ್ಯಬೇಕು; ಮರೆತವರು ಕಾಗದದ ಹಾಳೆಯ ಮೇಲೆ ಪೆನ್ನಿನಲ್ಲಿ ಗೀಚಿಕೊಂಡು ಕೂರುತ್ತಿದ್ದರು.

ಭಾಗವಹಿಸುವವರಿಗೆಂದು ಗ್ರೀನ್ ರೂಮ್ ಒಂದಿರುತ್ತದೆ. ಕುಡಿಯಲು ತಿನ್ನಲು ಏನಾದರೂ ಇರುವುದು ಅದರ ಸಣ್ಣ ಉಪಯೋಗ. ಗೋಷ್ಠಿಗೆ ಮೊದಲು ಜೊತೆಗಾರರನ್ನು ಅಲ್ಲಿ ಭೇಟಿಯಾಗಿ, ಹೆಸರು ಉಚ್ಚರಿಸುವ ಬಗೆ ಹೇಳಿಕೊಟ್ಟು, ಯಾರು ಎಲ್ಲಿಂದ ಶುರು ಮಾಡುವುದೆಂದು ಮಾತಾಡಿಕೊಂಡರೆ ವೇದಿಕೆಯ ಮೇಲಿನ ತಡವರಿಕೆ ಬಹುಪಾಲು ಹೋಗುತ್ತದೆ.

ನನ್ನ ಮೊದಲ ಗೋಷ್ಠಿಗೆ ನಿರ್ವಾಹಕರು ಬರಲೇ ಇಲ್ಲ. ವಿಮಾನ ತಡವಾಗಿತ್ತು. ಸಭಾಂಗಣ ತುಂಬಿದೆ, ಗೋಡೆಗೊರಗಿ ನಿಂತವರೂ ಇದ್ದಾರೆ, ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ಎಂದೂ ನೋಡಿರದ ನಾವು ನಾಲ್ವರು ಮೈಕ್ ಕಡೆ ನೋಡುತ್ತ ಕುಳಿತಿದ್ದೇವೆ. ಕಾರ್ಯಕ್ರಮ ವಿಭಾಗದ ಹುಡುಗನೊಬ್ಬ ಓಡಿಬಂದು, ನಿಮ್ಮಲ್ಲೇ ಒಬ್ಬರು ನಡೆಸಿಕೊಡಿ ಎಂದು ಕಿವಿಯಲ್ಲಿ ಉಸುರಿ ಹೋದ. ತುದಿಯಲ್ಲಿ ಕುಳಿತಿದ್ದ ಹಿರಿಯ ಕಾದಂಬರಿಕಾರ್ತಿ ಮೈಕ್ ಎಳೆದುಕೊಂಡು, ತಮ್ಮ ಬಗ್ಗೆ ಒಂದೇ ವಾಕ್ಯ ಹೇಳಿ, ನೇರವಾಗಿ ನನ್ನತ್ತ ತಿರುಗಿ, ನಿಮ್ಮ ಲೋಕದಲ್ಲಿ ವರ್ಷ ಎಂದರೆ ಎಷ್ಟು ದಿನ, ಅದನ್ನು ನಿರ್ಧರಿಸಿದವರು ಯಾರು ಎಂದು ಕೇಳಿದರು. ಸಿದ್ಧಪಡಿಸಿಕೊಂಡ ಪೀಠಿಕೆಯನ್ನೆಲ್ಲ ಬದಿಗಿಟ್ಟು, ಗ್ರಹದ ಸುತ್ತಾಟಕ್ಕೂ ಅಲ್ಲಿನ ತೆರಿಗೆ ವಸೂಲಿಗೂ ಸಂಬಂಧ ಕಲ್ಪಿಸಿದ ಬಗೆಯನ್ನು ಹೇಳಿದೆ. ಜನ ನಕ್ಕರು, ಪಕ್ಕದವರು ಅದನ್ನೇ ಹಿಡಿದು ಮುಂದುವರಿಸಿದರು. ಐವತ್ತು ನಿಮಿಷ ಹೋದದ್ದು ತಿಳಿಯಲಿಲ್ಲ. ಅವರು ನಡೆಸಿದ ರೀತಿಯಲ್ಲಿ ಗಮನಿಸಬೇಕಾದದ್ದು ಬಹಳವಿತ್ತು: ಹೆಚ್ಚು ಮಾತನಾಡುವವರ ವಾಕ್ಯ ಮುಗಿಯುವ ಜಾಗದಲ್ಲೇ ಇನ್ನೊಬ್ಬರ ಹೆಸರು ಕರೆಯುತ್ತಿದ್ದರು, ಸುಮ್ಮನಿದ್ದವರಿಗೆ ಉತ್ತರಿಸಲು ಸುಲಭವಾದ ಪ್ರಶ್ನೆ ಕೊಡುತ್ತಿದ್ದರು. ಪ್ರಶ್ನೋತ್ತರ ತೆರೆಯುವ ಮೊದಲು, ಪ್ರಶ್ನೆ ಎಂದರೆ ಒಂದೇ ವಾಕ್ಯದ್ದು, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವಂಥದ್ದು ಎಂದು ಸಭೆಗೆ ಹೇಳಿಬಿಟ್ಟರು. ಆದರೂ ಒಬ್ಬರು ಎದ್ದು ತಮ್ಮ ಅಪ್ರಕಟಿತ ಕಾದಂಬರಿಯ ಕಥೆ ಆರಂಭಿಸಿದರು. ಇದು ಎಲ್ಲ ಕಡೆಯೂ ಇರುವ ಪಿಡುಗು.

ಗೋಷ್ಠಿಗಳ ಬಗ್ಗೆ ಇನ್ನೆರಡು ಮಾತು. ನನ್ನ ಧ್ವನಿ ದೊಡ್ಡದು, ಮೈಕ್ ಬೇಡ ಎಂದು ಯಾರೂ ಹೇಳಬಾರದು. ಕಿವಿ ಮಂದವಾದವರಿಗೂ ನೇರ ಪ್ರಸಾರ ನೋಡುವವರಿಗೂ ತಲುಪುವುದು ಮೈಕಿನಲ್ಲಿ ಬಿದ್ದ ಮಾತು ಮಾತ್ರ. ಸ್ವಂತ ಪುಸ್ತಕವನ್ನು ಎದುರಿಗೆ ನಿಲ್ಲಿಸಿಕೊಳ್ಳುವುದು ನಡೆಯುತ್ತದೆ, ಆದರೆ ಪ್ರತಿ ಉತ್ತರವನ್ನೂ ನನ್ನ ಕಾದಂಬರಿಯಲ್ಲಿ ಎಂದು ಶುರು ಮಾಡುವವರಿಂದ ಸಭೆ ಬಹುಬೇಗ ದೂರ ಸರಿಯುತ್ತದೆ. ಬೇರೆಯವರ ಕೃತಿಗಳ ಬಗ್ಗೆ ಉತ್ಸಾಹದಿಂದ ಮಾತನಾಡಿದವರ ಪುಸ್ತಕವನ್ನೇ ಆಮೇಲೆ ಜನ ಹುಡುಕಿಕೊಂಡು ಹೋಗುತ್ತಿದ್ದುದನ್ನು ಡೀಲರ್ಸ್ ರೂಮಿನಲ್ಲಿ ನಿಂತು ನೋಡಿದ್ದೇನೆ.

ಹಸ್ತಾಕ್ಷರದ ಅವಧಿ ಹೊಸ ಲೇಖಕರ ಪಾಲಿಗೆ ಸತ್ವಪರೀಕ್ಷೆ. ಉದ್ದನೆಯ ಮೇಜುಗಳ ಹಿಂದೆ ಲೇಖಕರನ್ನು ಸಾಲಾಗಿ ಕೂರಿಸುತ್ತಾರೆ. ನನ್ನ ಪಕ್ಕದಲ್ಲಿ ಕುಳಿತವರು ಪ್ರಶಸ್ತಿಗಳನ್ನು ಪಡೆದ ಹೆಸರಾಂತರು. ಅವರ ಮುಂದಿನ ಸಾಲು ನನ್ನ ಮೇಜನ್ನು ಹಾದು ಬಾಗಿಲವರೆಗೆ ಹೋಗಿತ್ತು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ನನ್ನ ಹೆಸರಿನ ಫಲಕ ಓದಿ, ಮುಗುಳ್ನಕ್ಕು, ಮುಂದೆ ಸರಿಯುತ್ತಿದ್ದರು. ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಹೊತ್ತು ಕಳೆದೆ. ಫೋನ್ ನೋಡುತ್ತ ಕೂರಬೇಡಿ, ತಲೆ ಎತ್ತಿ ಇರಿ ಎಂದು ಯಾರೋ ಹೇಳಿಕೊಟ್ಟದ್ದು ಆಗ ಉಪಯೋಗಕ್ಕೆ ಬಂತು. ಸಾಲಿನಲ್ಲಿ ಕಾಯುತ್ತಿದ್ದವರಿಗೂ ಬೇಸರವಿತ್ತು, ಮಾತಿಗೆಳೆದರೆ ಅವರು ಮಾತಾಡಿದರು, ಬುಕ್‌ಮಾರ್ಕ್ ತೆಗೆದುಕೊಂಡರು. ಸ್ವಲ್ಪ ಹೊತ್ತಿನ ನಂತರ ಸಾಲಿನಿಂದ ಹೊರಬಂದು ಒಬ್ಬ ಯುವಕ ನನ್ನೆದುರೇ ನಿಂತ. ಕೈಚೀಲದಿಂದ ತೆಗೆದದ್ದು ನನ್ನ ಕಥೆಯೊಂದರ ಅನುವಾದ ಬಂದಿದ್ದ ಪತ್ರಿಕೆಯ ಸಂಚಿಕೆ. ಅಂಚುಗಳು ಸವೆದು, ಹಾಳೆಗಳ ಬದಿಯಲ್ಲಿ ಪೆನ್ಸಿಲ್ ಗುರುತುಗಳಿದ್ದವು. ಕಥೆಯ ಕೊನೆಯ ಪುಟ ತೆರೆದು, ಇಲ್ಲಿ ಅವಳು ಬಾಗಿಲು ತೆರೆದದ್ದೇಕೆ ಎಂದು ಕೇಳಿದ. ನಾನು ಹೇಳಿದ ಕಾರಣ ಅವನಿಗೆ ಒಪ್ಪಿಗೆಯಾಗಲಿಲ್ಲ. ತನ್ನ ಕಾರಣ ಹೇಳಿದ. ಅವನದೇ ಹೆಚ್ಚು ಸರಿಯಿತ್ತು, ಹಾಗೆಂದು ಅವನಿಗೂ ಹೇಳಿದೆ. ಆ ಒಂದು ಸಹಿಗಾಗಿಯೇ ಅಷ್ಟು ದೂರ ಹೋದದ್ದು ಸಾರ್ಥಕವೆಂದು ಬರೆದರೆ ಅತಿಯಾದೀತು, ಆದರೆ ಆ ದಿನವಿಡೀ ಹಾಗೆಯೇ ಅನ್ನಿಸುತ್ತಿತ್ತು.

ಸಹಿ ಹಾಕುವವರಿಗೆ ಕೆಲವು ಕಿವಿಮಾತುಗಳಿವೆ. ಯಾರ ಹೆಸರಿಗೆ ಎಂದು ಕೇಳಿ, ಸಣ್ಣ ಅಂಟುಚೀಟಿಯ ಮೇಲೆ ಅವರಿಂದಲೇ ಅಕ್ಷರಗಳನ್ನು ಬರೆಸಿಕೊಳ್ಳಬೇಕು, ಪರಭಾಷೆಯ ಹೆಸರುಗಳಲ್ಲಂತೂ ಇದು ಕಡ್ಡಾಯ. ಹೊಳಪು ಕಾಗದದ ಮೇಲೆ ಮಸಿ ಹರಡದ ಪೆನ್ನನ್ನು ನಾವೇ ಒಯ್ಯಬೇಕು. ಹೆಚ್ಚು ಪುಸ್ತಕ ಹೊತ್ತು ತರುವವರಿಗೆ ಒಂದು ಸುತ್ತಿನಲ್ಲಿ ಇಷ್ಟೇ ಎಂಬ ಮಿತಿ ಇರುತ್ತದೆ. ಅದನ್ನು ಹೇಳುವ ಕೆಲಸ ಸ್ವಯಂಸೇವಕರದು, ಲೇಖಕರು ಅದಕ್ಕೆ ತಲೆ ಹಾಕದಿರುವುದು ಒಳಿತು.

ವಾಚನಕ್ಕೆ ಬಂದವರು ಬೆರಳೆಣಿಕೆಯಷ್ಟು. ಅದೇ ಹೊತ್ತಿಗೆ ದೊಡ್ಡ ಸಭಾಂಗಣದಲ್ಲಿ ವೇಷಭೂಷಣ ಸ್ಪರ್ಧೆಯ ತಯಾರಿ ನಡೆದಿತ್ತು. ಕುರ್ಚಿಗಳನ್ನು ವೃತ್ತಾಕಾರಕ್ಕೆ ಎಳೆದುಕೊಂಡು ಕುಳಿತೆವು, ಮೈಕಿನ ಅಗತ್ಯ ಬೀಳಲಿಲ್ಲ. ಮೊದಲ ಪರಿಚ್ಛೇದವನ್ನು ಕನ್ನಡದಲ್ಲೇ ಓದಿ ಆಮೇಲೆ ಅನುವಾದಕ್ಕೆ ಹೊರಳಿದೆ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ಅಳೆದು, ಕೊಟ್ಟ ಅವಧಿಗಿಂತ ಐದು ನಿಮಿಷ ಕಡಿಮೆ ಇರುವಂತೆ ಕತ್ತರಿಸಿಕೊಂಡಿದ್ದರಿಂದ ಕೊನೆಯಲ್ಲಿ ಮಾತಿಗೂ ಸಮಯ ಉಳಿಯಿತು. ಸಂಭಾಷಣೆ ಹೆಚ್ಚಿರುವ, ಪಾತ್ರಗಳು ಕಡಿಮೆಯಿರುವ ಭಾಗವನ್ನು ಆರಿಸಿಕೊಳ್ಳಬೇಕು; ಕಲ್ಪಿತ ಲೋಕದ ಹತ್ತು ಹೆಸರುಗಳನ್ನು ಕೇಳುಗರು ಕಿವಿಯಿಂದಲೇ ನೆನಪಿಟ್ಟುಕೊಳ್ಳಲಾರರು. ಮೇಜಿನ ಸುತ್ತಲಿನ ಹರಟೆ ಕೂಟಕ್ಕೆ ಮುಂಚಿತವಾಗಿ ಹೆಸರು ಬರೆಸಿದ ಕೆಲವರಿಗಷ್ಟೇ ಪ್ರವೇಶ. ಅದು ಸರಾಗವಾಗಿ ನಡೆಯಿತು.

ಪ್ರಶಸ್ತಿಗಳ ಬಗ್ಗೆಯೂ ಹೊಸ ಲೇಖಕರು ತಿಳಿದಿರಬೇಕು. ಗರ್ನ್ಸ್‌ಬ್ಯಾಕ್ ಹೆಸರಿನ ಹ್ಯೂಗೋ ಪ್ರಶಸ್ತಿಗಳನ್ನು 1953ರಲ್ಲಿ ಫಿಲಡೆಲ್ಫಿಯಾದ ವಿಶ್ವ ಸಮ್ಮೇಳನದಲ್ಲಿ ಮೊದಲ ಬಾರಿ ಕೊಟ್ಟರು. ಅದಕ್ಕೆ ತೀರ್ಪುಗಾರರ ಮಂಡಳಿ ಇಲ್ಲ. ಹೆಸರು ಸೂಚಿಸುವವರೂ ಮತ ಹಾಕುವವರೂ ವಿಶ್ವ ಸಮ್ಮೇಳನದ ಸದಸ್ಯರೇ. ಸಮ್ಮೇಳನಕ್ಕೆ ಹೋಗಲಾಗದವರೂ ಕಡಿಮೆ ಶುಲ್ಕದ ಸದಸ್ಯತ್ವ ಪಡೆದು ಮತ ಹಾಕಬಹುದು. ಅದೇ ಸಮಾರಂಭದಲ್ಲಿ ಹೊಸ ಲೇಖಕರಿಗೆ ಕೊಡುವ ಅಸ್ಟೌಂಡಿಂಗ್ ಪ್ರಶಸ್ತಿಗೆ, ಮೊದಲ ವೃತ್ತಿಪರ ಪ್ರಕಟಣೆಯಾದ ಮೇಲೆ ಎರಡು ವರ್ಷ ಮಾತ್ರ ಅರ್ಹತೆ. ತನ್ನ ಗಡುವು ಆಗಲೇ ದಾಟಿಹೋಗಿದೆ ಎಂದು ಅಲ್ಲಿ ಬಂದ ಮೇಲೆ ತಿಳಿದು ಮುಖ ಬಾಡಿಸಿಕೊಂಡ ಕಥೆಗಾರ್ತಿಯೊಬ್ಬರನ್ನು ಗ್ರೀನ್ ರೂಮಿನಲ್ಲಿ ಕಂಡೆ.

ದಣಿವಿನ ಬಗ್ಗೆ ಹೇಳದಿದ್ದರೆ ಈ ವಿವರ ಅಪೂರ್ಣ. ಬೆಳಿಗ್ಗೆಯಿಂದ ನಡುರಾತ್ರಿಯವರೆಗೆ ಏನಾದರೊಂದು ನಡೆಯುತ್ತಲೇ ಇರುತ್ತದೆ, ಬಿಟ್ಟರೆ ನಷ್ಟವೆಂಬ ಆಸೆ ಎಳೆಯುತ್ತಲೇ ಇರುತ್ತದೆ. ದಿನಕ್ಕೆ ಐದು ಗಂಟೆ ನಿದ್ದೆ, ಎರಡು ಊಟ, ಒಂದು ಸ್ನಾನ ಇಷ್ಟಾದರೂ ಇರಲಿ ಎಂದು ಹಳೆಯ ಅಭಿಮಾನಿಗಳು ಹೊಸಬರಿಗೆ ಹೇಳುವುದುಂಟು. ನಗೆಚಾಟಿಕೆಯಂತೆ ಕೇಳಿಸಿದರೂ ಮೂರನೆಯ ದಿನಕ್ಕೆ ಅದರ ಬೆಲೆ ತಿಳಿಯುತ್ತದೆ. ಮುಚ್ಚಿದ ಕೋಣೆಗಳಲ್ಲಿ ಸಾವಿರಾರು ಜನರೊಡನೆ ಕಳೆದ ಮೇಲೆ ಶೀತ ಜ್ವರ ಹಿಡಿಸಿಕೊಂಡು ಬರುವುದು ಎಷ್ಟು ಸಾಮಾನ್ಯವೆಂದರೆ ಅಭಿಮಾನಿಗಳು ಅದಕ್ಕೆ ಒಂದು ಹೆಸರನ್ನೇ ಇಟ್ಟುಕೊಂಡಿದ್ದಾರೆ. ಮಾಸ್ಕ್ ಹಾಕಿಕೊಂಡವರು ಬಹಳ ಮಂದಿ ಇದ್ದರು. ಅವರನ್ನು ಅನುಸರಿಸುವುದು ಒಳ್ಳೆಯದು. ಯಾರ ವೇಷಭೂಷಣವನ್ನೂ ಕೇಳದೆ ಮುಟ್ಟುವುದು, ಕೇಳದೆ ಫೋಟೋ ತೆಗೆಯುವುದು ನಿಷಿದ್ಧ. ನೀತಿಸಂಹಿತೆ ಲೇಖಕರಿಗೂ ಅಷ್ಟೇ ಕಟ್ಟುನಿಟ್ಟಾಗಿ ಅನ್ವಯಿಸುತ್ತದೆ.

ಖರ್ಚಿನ ಲೆಕ್ಕ ಹಾಕಿದರೆ ಅತಿ ಹೆಚ್ಚು ನುಂಗಿದ್ದು ಪ್ರಯಾಣ, ಆಮೇಲೆ ವಸತಿ, ಆಮೇಲೆ ವೀಸಾ ಮತ್ತು ವಿಮೆ. ಸದಸ್ಯತ್ವದ ಶುಲ್ಕ ಇವುಗಳ ಮುಂದೆ ಚಿಕ್ಕದು. ಕೋಣೆಯನ್ನು ಇನ್ನೊಬ್ಬರೊಡನೆ ಹಂಚಿಕೊಂಡದ್ದರಿಂದ ದೊಡ್ಡ ಉಳಿತಾಯವಾಯಿತು. ಮಾರಾಟವಾದ ಪುಸ್ತಕಗಳಿಂದ ಬಂದ ಗೌರವಧನ ಒಂದು ಹೊತ್ತಿನ ಊಟಕ್ಕೆ ಸಾಕಾಯಿತೇನೋ. ಪುಸ್ತಕ ಮಾರಿ ಖರ್ಚು ಗಿಟ್ಟಿಸಿಕೊಳ್ಳುತ್ತೇನೆಂಬ ಅಂದಾಜಿನಲ್ಲಿ ಯಾರೂ ಹೊರಡಬಾರದು. ಬರಹಗಾರರ ಪ್ರಯಾಣಕ್ಕೆ ನೆರವು ನೀಡುವ ನಿಧಿಗಳಿವೆ, ಅಭಿಮಾನಿಗಳೇ ಚಂದಾ ಎತ್ತಿ ನಡೆಸುವಂಥವೂ ಇವೆ. ಅವುಗಳ ಗಡುವು ಬಹಳ ಮುಂಚಿತವಾಗಿ ಮುಗಿಯುವುದರಿಂದ ಪ್ರಶ್ನಾವಳಿ ತುಂಬುವ ಹೊತ್ತಿಗೇ ವಿಚಾರಿಸಿಕೊಳ್ಳಬೇಕು. ಗೋಷ್ಠಿಯಲ್ಲಿ ಜೊತೆಗಿದ್ದ ಸಂಪಾದಕರೊಬ್ಬರು ಹೊಸ ಕಥೆ ಕಳುಹಿಸಲು ಹೇಳಿದ್ದಾರೆ. ಅದನ್ನು ಯಾವ ಅಂಕಣದಲ್ಲಿ ಬರೆಯಬೇಕೋ ಇನ್ನೂ ನಿರ್ಧರಿಸಿಲ್ಲ.

ಮರಳಿದ ಮೇಲೆ ಬಂದ ಪತ್ರಗಳಲ್ಲಿ ಒಂದು ಅಭಿಪ್ರಾಯ ಕೇಳುವ ನಮೂನೆ. ಹೆಸರಿನ ಅಂಕಣ ಎರಡಾಗಬೇಕೆಂದು ಅದರಲ್ಲಿ ವಿವರವಾಗಿ ಬರೆದೆ. ಇನ್ನೊಂದು ಪತ್ರ ಅನಿರೀಕ್ಷಿತ. ಸಮ್ಮೇಳನದ ಲೆಕ್ಕ ಮುಗಿದು ಹಣ ಉಳಿದರೆ, ವೇದಿಕೆಯಲ್ಲಿ ಭಾಗವಹಿಸಿದವರಿಗೂ ಸ್ವಯಂಸೇವಕರಿಗೂ ಸದಸ್ಯತ್ವದ ಶುಲ್ಕವನ್ನು ಮರಳಿಸುವ ಸಂಪ್ರದಾಯ ಕೆಲವು ಸಮ್ಮೇಳನಗಳಲ್ಲಿದೆ, ಉಳಿಯದಿದ್ದರೆ ಇಲ್ಲ. ಹಾಗೆ ಮರಳಿಸುವ ಸ್ಥಿತಿ ಬಂದರೆ ಹಣ ಬೇಕೇ ಅಥವಾ ಅದನ್ನು ಮುಂದಿನ ಸಮ್ಮೇಳನದ ನೆರವಿನ ನಿಧಿಗೆ ಬಿಡುವಿರಾ ಎಂದು ಕೇಳಿದ್ದಾರೆ. ತಿಂಗಳುಗಳು ಹಿಡಿಯಬಹುದಂತೆ. ಬ್ಯಾಂಕಿನ ಹೆಸರು, ಪಾಸ್‌ಪೋರ್ಟಿನ ಹೆಸರು, ಕಾವ್ಯನಾಮ ಮೂರನ್ನೂ ಸ್ಪಷ್ಟವಾಗಿ ಬರೆದು, ಹಣ ಬೇಕು ಎಂಬಲ್ಲಿ ಗುರುತು ಮಾಡಿ ಕಳುಹಿಸಿದ್ದೇನೆ.